ಆಟಕ್ಕೂ ಸರ್ಟಿಫಿಕೇಟ್ ಬೇಕೇನು ಸಾಹೇಬರೆ?

ವಿಜಯಪುರ ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಹಾಗೂ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಮತ್ತೆ ಇದನ್ನು ಓದುತ್ತಿರುವ ಜಿಲ್ಲೆಯ ಅಪ್ಪ-ಅವ್ವಂದಿರಿಗೆ,

ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇನೆ. ನಿಮಗೂ ಟೈಮ್ ಕಡಿಮೆ, ನನಗೂ ಹೊಲಿಗೆ ಬಾಕಿ ಇದೆ. ಮೂರರಿಂದ ಆರು ವರ್ಷದೊಳಗಿನ ವಿಶೇಷ ಅಗತ್ಯದ ಮಕ್ಕಳನ್ನು ಅಂಗನವಾಡಿಯಲ್ಲಿ ಉಳಿದ ಮಕ್ಕಳ ಜೊತೆ ಆಡಿಸಿ. ಹೆಸರು ಬರೆದುಕೊಂಡು ಗೋಡೆಗೆ ಕೂರಿಸುವುದಲ್ಲ, ಆಡಿಸಿ. ಅದಕ್ಕೆ ಸರ್ಟಿಫಿಕೇಟ್ ಕೇಳಬೇಡಿ. ಆಡಿಸೋಕೆ ಟೀಚರ್ ಜೊತೆ ಇನ್ನೊಬ್ಬರನ್ನು ಕೊಡಿ, ಒಂದಿಷ್ಟು ಸಾಮಾನು ಕೊಡಿ, ಹೇಗೆ ಆಡಿಸಬೇಕು ಅಂತ ಪಕ್ಕದಲ್ಲಿ ಕೂತು ತೋರಿಸುವವರನ್ನು ಕಳಿಸಿ. ನನ್ನ ಬೇಡಿಕೆ ಇಷ್ಟೇ. ಮುಂದೆ ಬರೆದಿರುವುದೆಲ್ಲ ಇದು ಯಾಕೆ ಬೇಕು ಅನ್ನುವುದಕ್ಕೆ.

ನಾನು ಇಂಡಿ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯಲ್ಲೇ ಬ್ಲೌಸ್, ಲಂಗ ಹೊಲಿಯುತ್ತೇನೆ. ಮಗಳಿಗೆ ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಇರುವ, ಬೆಳವಣಿಗೆ ನಿಧಾನ ಮಾಡುವ ಸ್ಥಿತಿ. ಐದಕ್ಕೆ ಹತ್ತಿರ ಬಂದಿದ್ದಾಳೆ. ಊರಿನ ಹೆಸರು, ಕೇಂದ್ರದ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಒಂದು ನೋಟಿಸ್ ಹೋಗುತ್ತದೆ, ಆ ಟೀಚರ್ ಅತ್ತುಕೊಂಡು ಸಮಜಾಯಿಷಿ ಬರೆದು ಕೊಡುತ್ತಾರೆ, ಫೈಲು ಅಲ್ಲಿಗೆ ಮುಚ್ಚುತ್ತದೆ. ಅದರಿಂದ ನನಗೂ ಲಾಭ ಇಲ್ಲ, ನನ್ನ ಮಗಳಿಗೂ ಇಲ್ಲ.

ಮೂರು ತುಂಬಿದ ಮೇಲೆ ಅಂಗನವಾಡಿಗೆ ಸೇರಿಸಿದೆ. ಹೆಸರು ಬರೆದುಕೊಂಡರು, ದಿನಾ ಹಾಜರಿ ಹಾಕಿದರು, ಮೊಟ್ಟೆ-ಹಾಲು ಕೊಟ್ಟರು. ಅದರಲ್ಲಿ ಒಂದು ದಿನವೂ ಮೋಸ ಆಗಿಲ್ಲ, ಹೇಳಲೇಬೇಕು. ಆದರೆ ಹಾಡು ಶುರುವಾದರೆ ಇವಳು ಗೋಡೆಯ ಕಡೆ. ಉಳಿದ ಮಕ್ಕಳು ಕೈ ಕೈ ಹಿಡಿದು ಸುತ್ತ ತಿರುಗುವಾಗ ಇವಳ ಕೈಗೆ ಒಂದು ಪ್ಲಾಸ್ಟಿಕ್ ಚೆಂಡು. ಚೆಂಡು ಒಬ್ಬರೇ ಆಡುವ ಸಾಮಾನಾ? ಎಸೆದರೆ ಹಿಡಿಯುವವರು ಬೇಕಲ್ವಾ? ಕೇಳಿದರೆ, "ಬೀಳ್ತಾಳ್ರಿ ಅಕ್ಕಾ, ಏನರ ಆದ್ರ ನಮ್ ಮ್ಯಾಲ ಬರ್ತದ" ಅಂದರು. ಸ್ವಲ್ಪ ದಿನ ಆದಮೇಲೆ ಇನ್ನೊಂದು ಮಾತು ಬಂತು. "ಸರ್ಟಿಫಿಕೇಟ್ ತೊಗೊಂಡ್ ಬರ್ರಿ, ಆಮ್ಯಾಲ ನೋಡೋಣು. ಇಂಥ ಮಕ್ಕಳಿಗೆ ಬ್ಯಾರೆ ಸಾಲಿ ಇರ್ತಾವಲ್ಲ."

ಬೇರೆ ಶಾಲೆ ಎಲ್ಲಿದೆ? ಹಳ್ಳಿಯಲ್ಲಂತೂ ಇಲ್ಲ. ಇದ್ದರೂ ನಾಲ್ಕು ವರ್ಷದ ಕೂಸನ್ನು ದಿನಾ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಬರೋಕೆ ಆಗುತ್ತಾ? ಅದು ಹೋಗಲಿ. ನಾಳೆ ಇದೇ ಓಣಿಯಲ್ಲಿ, ಇದೇ ಮಕ್ಕಳ ಜೊತೆ ಬದುಕಬೇಕಾದವಳು ಅವಳು. ಅವರಿಗೆ ಇವಳು ಯಾರು ಅಂತ ಗೊತ್ತಾಗುವುದು ಯಾವಾಗ?

ಆ ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೆಲಸ ನೋಡಿದ್ದೇನೆ. ತೂಕ, ಎತ್ತರ ಅಳೆದು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹಾಕಬೇಕು, ನೆಟ್‌ವರ್ಕ್ ಇಲ್ಲ ಅಂದರೆ ಮಾಳಿಗೆ ಹತ್ತಬೇಕು, ಗರ್ಭಿಣಿಯರ ಮನೆಗೆ ಹೋಗಬೇಕು, ಎಲೆಕ್ಷನ್ ಬಂದರೆ ಬಿಎಲ್‌ಒ ಆಗಬೇಕು, ಯಾವ ಸರ್ವೆ ಬಂದರೂ ಮೊದಲು ಇವರ ಹೆಸರು. ಸಹಾಯಕಿ ಒಲೆ ಬಿಟ್ಟು ಈಚೆ ಬರುವಂತಿಲ್ಲ. ಇಷ್ಟರ ನಡುವೆ ಮಕ್ಕಳನ್ನು ಆಡಿಸಬೇಕು, ಅದರಲ್ಲಿ ನಡಿಗೆ ಇನ್ನೂ ಗಟ್ಟಿಯಾಗದ ಒಂದು ಕೂಸು. ಅವರು ಹೆದರಿದ್ದು ನ್ಯಾಯವೇ. ಹಾಗೆ ಹೆದರುವ ಸ್ಥಿತಿಯಲ್ಲಿ ಅವರನ್ನು ಬಿಟ್ಟಿರುವುದು ತಪ್ಪು, ಅದನ್ನು ಕೇಳಬೇಕಾದದ್ದು ನಿಮ್ಮನ್ನು.

ಈಗ ಸರ್ಟಿಫಿಕೇಟ್ ವಿಷಯ. ಅಂಗನವಾಡಿಯಲ್ಲಿ ಮಗುವನ್ನು ಆಡಿಸೋಕೆ ಅಂಗವಿಕಲತೆ ಸರ್ಟಿಫಿಕೇಟ್ ಬೇಕು ಅಂತ ಯಾವ ಕಾಯ್ದೆಯೂ ಹೇಳುವುದಿಲ್ಲ. ಸರ್ಟಿಫಿಕೇಟ್, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡು ಬೇಕಾಗುವುದು ಪಿಂಚಣಿಗೆ, ಬಸ್ ಪಾಸಿಗೆ, ಮೀಸಲಾತಿಗೆ. ಮಾಡಿಸಬೇಕು, ನಾನೂ ಓಡಾಡುತ್ತಿದ್ದೇನೆ. ಆದರೆ ಚಿಕ್ಕ ಮಕ್ಕಳ ವಿಷಯದಲ್ಲಿ ಅದಕ್ಕೆ ಒಂದು ಕ್ರಮ ಇದೆ. ಐದು ವರ್ಷದೊಳಗೆ ಬುದ್ಧಿಮಟ್ಟದ ಬಗ್ಗೆ ಕೊನೆಯ ಮಾತು ಬರೆಯುವುದಿಲ್ಲ, ಒಟ್ಟಾರೆ ಬೆಳವಣಿಗೆ ನಿಧಾನ ಇದೆ ಅಂತ ಬರೆದು ಐದರ ನಂತರ ಮತ್ತೆ ಪರೀಕ್ಷೆ ಮಾಡುತ್ತಾರೆ. ಅಂದರೆ ಸರ್ಕಾರವೇ "ಇನ್ನೂ ನೋಡೋಣ, ಬೆಳೆಯಲಿ" ಅನ್ನುತ್ತಿದೆ. ಬೆಳೆಯಬೇಕಾದ ಜಾಗದಲ್ಲಿ ಮಾತ್ರ "ಮೊದಲು ಕಾಗದ ತನ್ನಿ" ಅಂದರೆ ಹೇಗೆ?

ಕಾಯ್ದೆ ನಮ್ಮ ಕಡೆ ಇದೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆ ಇವೆ. ಅದರ 16ನೇ ಕಲಂ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಅಥವಾ ಸರ್ಕಾರ ಮಾನ್ಯತೆ ಕೊಟ್ಟ ಶಿಕ್ಷಣ ಸಂಸ್ಥೆಗಳು ಇಂಥ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಓದಿನಲ್ಲೂ ಆಟದಲ್ಲೂ ಬೇರೆಯವರ ಸಮಾನವಾಗಿ ಅವಕಾಶ ಕೊಡಬೇಕು ಅನ್ನುತ್ತದೆ. ಕಟ್ಟಡವನ್ನೂ ಅವರಿಗೆ ಹೊಂದುವಂತೆ ಮಾಡಬೇಕು ಅನ್ನುತ್ತದೆ. ಆಟ ಅನ್ನುವುದು ನಾನು ಸೇರಿಸಿದ್ದಲ್ಲ, ಕಾಯ್ದೆಯಲ್ಲೇ ಇದೆ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ ಒಪ್ಪಂದದಲ್ಲೂ ಇದೇ ಮಾತಿದೆ, ಅದನ್ನು ಭಾರತ 2007ರಲ್ಲೇ ಒಪ್ಪಿಕೊಂಡಿದೆ.

ಆದರೆ ಒಂದು ಸಂದಿಯಲ್ಲಿ ನಮ್ಮ ಮಕ್ಕಳು ಕೈ ತಪ್ಪಿ ಹೋಗುತ್ತಾರೆ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಶುರುವಾಗುವುದು ಆರನೇ ವರ್ಷಕ್ಕೆ. 2016ರ ಕಾಯ್ದೆಯ ಉಚಿತ ಶಿಕ್ಷಣವೂ ಆರರಿಂದ ಹದಿನೆಂಟರವರೆಗೆ. ಮೂರರಿಂದ ಆರರ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ ಸರ್ಕಾರ ಮಾಡಬಹುದು ಅಂತ ಆರ್‌ಟಿಇ ಹೇಳಿ ಸುಮ್ಮನಾಗುತ್ತದೆ. ಇತ್ತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೆದುಳಿನ ಬೆಳವಣಿಗೆಯ ಶೇ 85ಕ್ಕಿಂತ ಹೆಚ್ಚು ಭಾಗ ಆರು ವರ್ಷದೊಳಗೇ ಆಗಿಬಿಡುತ್ತದೆ ಅನ್ನುತ್ತದೆ, ಮೂರರಿಂದ ಎಂಟರವರೆಗೆ ಆಟದ ಮೂಲಕವೇ ಕಲಿಸಿ ಅನ್ನುತ್ತದೆ. ಎಲ್ಲಕ್ಕಿಂತ ಜಾಸ್ತಿ ಬೆಳೆಯುವ ವಯಸ್ಸಿನಲ್ಲೇ ಹಕ್ಕು ಇಲ್ಲ, ಬೆಳವಣಿಗೆ ನಿಧಾನಕ್ಕೆ ಬಂದಮೇಲೆ ಹಕ್ಕು ಇದೆ. ಇದನ್ನು ಬರೆದವರಿಗೆ ಒಮ್ಮೆಯಾದರೂ ವಿಚಿತ್ರ ಅನಿಸಲಿಲ್ವಾ?

ಇಲಾಖೆಗಳ ಕಥೆಯೂ ಅದೇ. ಅಂಗವಿಕಲ ಮಕ್ಕಳಿಗೆ ಕಲಿಸೋಕೆ ಶಾಲಾ ಶಿಕ್ಷಣ ಇಲಾಖೆಯಿಂದ ನಮ್ಮ ಕಡೆ ಬರುವ ಬಿಐಇಆರ್‌ಟಿ ಮೇಡಂ ಬಹಳ ಒಳ್ಳೆಯವರು, ಕೆಲಸ ಗೊತ್ತಿರುವವರು. ಆದರೆ ಅವರ ಪಟ್ಟಿಯಲ್ಲಿರುವುದು ಒಂದನೇ ತರಗತಿಯಿಂದ ಮೇಲಿನ ಮಕ್ಕಳು. ಅವರು ಶಾಲೆಗೆ ಬರುತ್ತಾರೆ, ಅಂಗನವಾಡಿ ಅದೇ ಕಾಂಪೌಂಡಿನಲ್ಲಿದೆ, ಒಳಗೆ ಬರುವಂತಿಲ್ಲ. ಯಾಕೆಂದರೆ ಅದು ಬೇರೆ ಇಲಾಖೆ. ಮಧ್ಯೆ ಒಂದು ಗೋಡೆ ಕೂಡ ಇಲ್ಲ ಸಾಹೇಬರೆ, ಒಂದು ಬೇವಿನ ಗಿಡ ಇದೆ ಅಷ್ಟೇ.

ಈಗ ಆಟದ ವಿಷಯಕ್ಕೆ ಬರುತ್ತೇನೆ. ಆಟ ಅಂದಕೂಡಲೇ ಟೈಂಪಾಸ್ ಅಂದುಕೊಳ್ಳುವವರು ಬಹಳ ಮಂದಿ, ಅಧಿಕಾರಿಗಳಲ್ಲೂ ಇದ್ದಾರೆ, ನಮ್ಮ ಓಣಿಯಲ್ಲೂ ಇದ್ದಾರೆ.

ನಮ್ಮ ಅತ್ತೆ ಲಿಂಬೆಕಾಯಿ ಆರಿಸುವ ಕೆಲಸಕ್ಕೆ ಹೋಗುತ್ತಾರೆ. ಇಂಡಿ ಅಂದರೆ ಲಿಂಬೆ, ಹೇಳಬೇಕಾಗಿಲ್ಲ. ರಾಶಿ ಸುರಿದಿರುತ್ತದೆ, ಹೆಂಗಸರು ಸುತ್ತ ಕೂತು ದೊಡ್ಡದು, ನಡುತರದ್ದು, ಸಣ್ಣದು, ಕೊಳೆತದ್ದು ಅಂತ ಬೇರೆ ಮಾಡುತ್ತಾರೆ. ನನಗೆ ಹೊಲಿಗೆ ಜಾಸ್ತಿ ಇದ್ದ ದಿನ ಮಗಳನ್ನು ಅವರೇ ಕರೆದುಕೊಂಡು ಹೋಗುತ್ತಿದ್ದರು. ಅವಳ ಮುಂದೆ ಎರಡು ಬುಟ್ಟಿ ಇಟ್ಟು, ಒಂದರಲ್ಲಿ ದೊಡ್ಡ ಕಾಯಿ, ಇನ್ನೊಂದರಲ್ಲಿ ಸಣ್ಣ ಕಾಯಿ ಹಾಕಿ ತೋರಿಸಿದರು. ಕಲಿಸೋಕೆ ಅಂತ ಅಲ್ಲ, ಸುಮ್ನೆ ಒಂದು ಕಡೆ ಕೂತಿರಲಿ ಅಂತ. ಮೊದಲು ಎಲ್ಲವನ್ನೂ ಉರುಳಿಸಿದಳು. ಒಂದನ್ನು ಕಚ್ಚಿ ಮುಖ ಹಿಂಡಿದಳು, ಎಲ್ಲರೂ ನಕ್ಕರು, ನಗಿಸೋಕೆ ಅಂತಲೇ ಇನ್ನೊಂದು ಕಚ್ಚಿದಳು. ಆಮೇಲೆ ಒಂದೊಂದೇ ಬುಟ್ಟಿಗೆ ಹಾಕತೊಡಗಿದಳು, ಯಾವುದಕ್ಕೆ ಬೇಕಾದರೆ ಅದಕ್ಕೆ.

ಇದೇ ಆಟ ಬಹಳ ದಿನ ನಡೆಯಿತು. ಪಕ್ಕದ ಮನೆಯ ಹುಡುಗನೂ ಸೇರಿಕೊಂಡ. ಅವನದೊಂದು ಸರದಿ, ಇವಳದೊಂದು ಸರದಿ. "ಈಗ ನಂದು, ಈಗ ನಿಂದು" ಅಂತ ಅವನು ಹೇಳುವುದು, ಇವಳು ತನ್ನ ಸರದಿಗೆ ಕೈ ಚಾಚಿಕೊಂಡು ಕಾಯುವುದು. ಕಾಯುವುದು ಅಂದರೆ ಏನು ಅಂತ ಈ ಮಗುವಿಗೆ ನಾನು ಎಷ್ಟು ಹೇಳಿದ್ದೇನೋ, ಒಂದು ದಿನವೂ ಕೇಳಿರಲಿಲ್ಲ. ದೊಡ್ಡ ಕಾಯಿಗೆ ಇಡೀ ಅಂಗೈ ಬೇಕು, ಸಣ್ಣದಕ್ಕೆ ಬೆರಳು ಸಾಕು. ಅವಳ ಕೈಯಲ್ಲಿ ಬಿಗಿ ಕಡಿಮೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸ್ನಾಯು ಸಡಿಲ ಇರುತ್ತದೆ. ಬುಟ್ಟಿ ತುಂಬಿದ ಮೇಲೆ ಎರಡೂ ಕೈಯಲ್ಲಿ ಹಿಡಿದು ಆಯಿಯ, ಅಂದರೆ ನಮ್ಮ ಅತ್ತೆಯ, ಹತ್ತಿರ ನಡೆದುಕೊಂಡು ಹೋಗಬೇಕು, ಭಾರ ಹೊತ್ತು, ಬೀಳದ ಹಾಗೆ. ಇದನ್ನು ಆಸ್ಪತ್ರೆಯಲ್ಲಿ ಮಾಡಿಸಿದರೆ ಥೆರಪಿ ಅನ್ನುತ್ತಾರೆ.

ಒಂದು ದಿನ ಆ ಹುಡುಗ ಸಣ್ಣ ಕಾಯಿಯನ್ನು ದೊಡ್ಡದರ ಬುಟ್ಟಿಗೆ ಹಾಕಿದ. ಇವಳು ಅವನ ಮುಖ ನೋಡಿದಳು, ಬುಟ್ಟಿಗೆ ಕೈ ಹಾಕಿ ಅದೇ ಕಾಯಿ ತೆಗೆದು ಸರಿಯಾದ ಬುಟ್ಟಿಗೆ ಹಾಕಿದಳು. ಬಾಯಲ್ಲಿ ಆಗ "ದೊಡ್ಡದು" ಅನ್ನುವ ಮಾತೂ ಇರಲಿಲ್ಲ, "ಸಣ್ಣದು" ಅನ್ನುವ ಮಾತೂ ಇರಲಿಲ್ಲ. ತಲೆಯಲ್ಲಿ ಎರಡೂ ಇದ್ದವು. ಈ ಮಕ್ಕಳಿಗೆ ತಿಳಿಯುವುದು ಮುಂದೆ, ಮಾತು ಬರುವುದು ಹಿಂದೆ. ಕಿವಿಯಲ್ಲಿ ಕೇಳಿದ್ದಕ್ಕಿಂತ ಕಣ್ಣಲ್ಲಿ ನೋಡಿದ್ದನ್ನು ಬೇಗ ಹಿಡಿಯುತ್ತಾರೆ, ನೋಡಿದ್ದನ್ನು ಮಾಡಿ ತೋರಿಸುತ್ತಾರೆ. ಅದಕ್ಕೇ ಬೇರೆ ಮಕ್ಕಳು ಮುಂದೆ ಇರಬೇಕು. ಗೋಡೆಯ ಹತ್ತಿರ ನೋಡಿ ಮಾಡೋಕೆ ಏನಿದೆ?

ಈಗ ಎರಡೂ ಕೈ ಅಗಲ ಮಾಡಿ "ದೊ" ಅನ್ನುತ್ತಾಳೆ. ಸನ್ನೆ ಮಾಡಿಸಬೇಡಿ, ಮಾತು ಬರೋದಿಲ್ಲ ಅಂತ ನಮಗೆ ಹೇಳಿದವರು ಬಹಳ ಮಂದಿ. ಹಾಗೇನೂ ಇಲ್ಲ. ಬೇಕಾದದ್ದನ್ನು ಕೇಳೋಕೆ ಒಂದು ದಾರಿ ಸಿಕ್ಕರೆ ಮಗುವಿಗೆ ಹಟ ಕಡಿಮೆ ಆಗುತ್ತದೆ, ಮಾತು ತನ್ನ ಟೈಮಿಗೆ ಬರುತ್ತದೆ.

ಈ ಜಾಗದಲ್ಲಿ ಒಂದು ಎಚ್ಚರಿಕೆ. ಸಣ್ಣದು ಅಂದರೂ ಬಾಯೊಳಗೆ ಪೂರ್ತಿ ಹೋಗದಷ್ಟು ದೊಡ್ಡ ಲಿಂಬೆಕಾಯಿಯೇ ಇರಬೇಕು. ಹುಣಸೆ ಬೀಜ, ಶೇಂಗಾ, ಗೋಲಿ, ಬಟನ್ ಇವನ್ನೆಲ್ಲ ಇನ್ನೂ ಬಾಯಿಗೆ ಹಾಕಿಕೊಳ್ಳುವ ಮಕ್ಕಳ ಮುಂದೆ ಸುರಿಯಬೇಡಿ. ಕಡಿಮೆ ಖರ್ಚಿನ ಆಟಿಕೆ ಅಂತ ಬೀಜ, ಮಣಿಗಳನ್ನೇ ಡಬ್ಬಿ ತುಂಬಿ ಇಡುತ್ತಾರೆ, ಗಂಟಲಿಗೆ ಸಿಕ್ಕಿದರೆ ಏನು ಗತಿ ಅನ್ನುವ ಯೋಚನೆ ಯಾರಿಗೂ ಇರುವುದಿಲ್ಲ.

ಇನ್ನೊಂದು ವಿಷಯ ತಿಳಿದಾಗ ನನಗೆ ನಗು ಬಂತು, ಸಿಟ್ಟೂ ಬಂತು. ಈಗ ತಾಲ್ಲೂಕು ಊರುಗಳಲ್ಲೂ ಮಾಂಟೆಸ್ಸರಿ ಅಂತ ದೊಡ್ಡ ಬೋರ್ಡು ಹಾಕುತ್ತಾರೆ, ಫೀಸು ಕೇಳಿದರೆ ತಲೆ ತಿರುಗುತ್ತದೆ. ಮಗಳನ್ನು ಕರೆದುಕೊಂಡು ಅಂಥ ಒಂದು ಕಡೆ ಹೋಗಿದ್ದೆ. ಬಣ್ಣಬಣ್ಣದ ಕಟ್ಟಿಗೆ ಸಾಮಾನು ಶೋಕೇಸಿನಲ್ಲಿ ಚೆಂದ ಜೋಡಿಸಿದ್ದರು. ಮಗಳ ಮುಖ ನೋಡಿ "ಸೀಟು ಫುಲ್ ಆಗಿದೆ" ಅಂದರು. ಆದರೆ ಆ ಸಾಮಾನು ಮೊದಲು ಯಾರಿಗೆ ಮಾಡಿದ್ದು ಗೊತ್ತಾ? ಮಾರಿಯಾ ಮಾಂಟೆಸ್ಸರಿ ಇಟಲಿಯ ಡಾಕ್ಟರು. 1900ರ ಸುಮಾರಿಗೆ ರೋಮ್‌ನಲ್ಲಿ ಅವರು ಕೆಲಸ ಶುರು ಮಾಡಿದ್ದೇ ಬುದ್ಧಿ ಬೆಳವಣಿಗೆ ನಿಧಾನ ಇದ್ದ ಮಕ್ಕಳ ಜೊತೆ. ಅವರಿಗಿಂತ ಮೊದಲು ಫ್ರಾನ್ಸಿನಲ್ಲಿ ಇತಾರ್, ಸೆಗ್ಯಾಂ ಅನ್ನುವ ಇಬ್ಬರು ಡಾಕ್ಟರು ಇಂಥ ಮಕ್ಕಳಿಗೆ ಮಾಡಿದ್ದ ಸಾಮಾನುಗಳನ್ನು ತೆಗೆದುಕೊಂಡು ಬೆಳೆಸಿದರು. ಮುಟ್ಟಿ, ತೂಗಿ, ಜೋಡಿಸಿ ಕಲಿಯುವ ದಾರಿ ಅದು. ಆ ಮಕ್ಕಳು ಕಲಿತದ್ದು ನೋಡಿ, ಉಳಿದ ಮಕ್ಕಳಿಗೂ ಯಾಕಾಗಬಾರದು ಅಂತ 1907ರಲ್ಲಿ ರೋಮ್‌ನ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ತೆರೆದರು. 1939ರಲ್ಲಿ ಮದ್ರಾಸಿಗೂ ಬಂದು ಇಲ್ಲಿನ ಟೀಚರುಗಳಿಗೆ ತರಬೇತಿ ಕೊಟ್ಟರು. ನನ್ನ ಮಗಳಂಥವರಿಗೆ ಅಂತ ಹುಟ್ಟಿದ ಸಾಮಾನು, ಬಡವರ ಓಣಿಯಲ್ಲಿ ಬೆಳೆದ ಪದ್ಧತಿ, ಈಗ ನನ್ನ ಮಗಳಿಗೇ ಸೀಟಿಲ್ಲ!

ಆಸ್ಪತ್ರೆಗೆ ಹೋಗಿ ಅನ್ನುತ್ತೀರಿ. ಹೋಗುತ್ತೇವೆ. ಫಿಸಿಯೋಥೆರಪಿ, ಸ್ಪೀಚ್ ಥೆರಪಿ ಬೇಡ ಅನ್ನುವಷ್ಟು ದಡ್ಡಿ ನಾನಲ್ಲ. ಕಿವಿ, ಕಣ್ಣು, ಹೃದಯ ಎಲ್ಲ ಪರೀಕ್ಷೆ ಮಾಡಿಸಲೇಬೇಕು, ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಈ ಮೂರರ ತೊಂದರೆ ಜಾಸ್ತಿ. ಕಿವಿ ಸರಿಯಾಗಿ ಕೇಳದ ಮಗುವನ್ನು ಮಾತಾಡು ಮಾತಾಡು ಅಂತ ಪೀಡಿಸಿದರೆ ಏನು ಬಂತು? ಆದರೆ ಲೆಕ್ಕ ನೋಡಿ. ಹಳ್ಳಿಯಿಂದ ಇಂಡಿ, ಇಂಡಿಯಿಂದ ವಿಜಯಪುರ, ವಾಪಸ್ ಬರುವಷ್ಟರಲ್ಲಿ ಸಂಜೆ. ಒಂದು ದಿನದ ದುಡಿಮೆ ಹೋಯಿತು. ಅಲ್ಲಿ ಸಿಗುವುದು ಅರ್ಧ ಗಂಟೆ, ಅದರಲ್ಲಿ ಅರ್ಧ ಹೊತ್ತು ಮಗು ಅಳುತ್ತದೆ, ಜಾಗ ಹೊಸದು, ಜನ ಹೊಸಬರು. ಆ ಥೆರಪಿಸ್ಟ್ ಮೇಡಂ ಕೂಡ ಪ್ರತಿ ಸಲ ಹೇಳುವುದು ಒಂದೇ, "ಮನೆಯಲ್ಲಿ, ಅಂಗನವಾಡಿಯಲ್ಲಿ ದಿನಾ ಆಡಿಸಿ." ಅಂಗನವಾಡಿ ಅನ್ನುತ್ತದೆ, "ಆಸ್ಪತ್ರೆಗೆ ತೋರಿಸಿ." ನಾನು ನಡುವೆ ಚೀಲ ಹಿಡಿದುಕೊಂಡು ನಿಂತಿದ್ದೇನೆ.

ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆ) ಗಾಡಿಯ ಬಗ್ಗೆಯೂ ಒಂದು ಮಾತು. 2013ರಿಂದ ನಡೆಯುತ್ತಿರುವ ಯೋಜನೆ, ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ನೋಡಬೇಕು, ಬೆಳವಣಿಗೆ ನಿಧಾನ ಕಂಡರೆ ಜಿಲ್ಲೆಯ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕು. ಒಳ್ಳೆಯ ಯೋಜನೆ. ಆದರೆ ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ದೀಪಾವಳಿ ಆದಮೇಲೆ ಯಾರಿರುತ್ತಾರೆ? ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೋಗಿರುತ್ತಾರೆ, ಕೂಸನ್ನೂ ಕಟ್ಟಿಕೊಂಡು. ಗಾಡಿ ಬಂದ ದಿನ ಮಗು ಕೊಲ್ಹಾಪುರದ ಯಾವುದೋ ಗದ್ದೆಯ ಬದುವಿನ ಮೇಲೆ ಇರುತ್ತದೆ. ದಾಖಲೆಯಲ್ಲಿ "ಗೈರು". ಇವರು ಊರಿಗೆ ಬರುವ ತಿಂಗಳು ನೋಡಿಕೊಂಡು ಒಂದು ಸಲವಾದರೂ ಗಾಡಿ ಕಳಿಸಬಹುದಲ್ವಾ? ವರ್ಷಕ್ಕೊಮ್ಮೆಯಾದರೂ ಎಲ್ಲ ಮಕ್ಕಳ ತಪಾಸಣೆ ಆಗಬೇಕು ಅಂತ 2016ರ ಕಾಯ್ದೆಯಲ್ಲೂ ಇದೆ, 25ನೇ ಕಲಂ.

ಆಟ ಅಂದರೆ ಎಲ್ಲರಿಗೂ ಒಂದೇ ಆಟ ಅಲ್ಲ. ಇಲ್ಲಿ ತಾಯಂದಿರಿಗೂ ಟೀಚರುಗಳಿಗೂ ಸೇರಿಸಿ ಹೇಳುತ್ತೇನೆ. ಇಂಥ ಮಕ್ಕಳ ತಾಯಂದಿರು ನಾವು ಆಗಾಗ ಮಾತಾಡಿಕೊಳ್ಳುತ್ತೇವೆ, ಅದರಿಂದ ಗೊತ್ತಾದದ್ದು. ಆಟಿಸಂ ಇರುವ ಒಬ್ಬ ಹುಡುಗ ಬಾಟಲಿ ಮುಚ್ಚಳಗಳನ್ನು ಸಾಲಾಗಿ ಇಡುತ್ತಾನೆ. ಕಸಿದುಕೊಂಡು "ಬಾ, ಹಾಡು ಹೇಳು" ಅಂದರೆ ಕಿರುಚುತ್ತಾನೆ. ಅವನ ಪಕ್ಕ ಕೂತು ನೀವೂ ಇನ್ನೊಂದು ಸಾಲು ಇಡಿ, ಸುಮ್ನೆ. ಒಂದೆರಡು ದಿನ ಅವನು ನೋಡುವುದೂ ಇಲ್ಲ. ಒಂದು ದಿನ ತನ್ನ ಮುಚ್ಚಳ ಒಂದನ್ನು ನಿಮ್ಮ ಸಾಲಿಗೆ ಇಡುತ್ತಾನೆ. ಆಟ ಅಲ್ಲಿಂದ ಶುರು. ಅವನಿಗೆ ಗದ್ದಲ ಆಗುವುದಿಲ್ಲ, ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಅದು ಹಟ ಅಲ್ಲ, ಅವನ ಕಿವಿಗೆ ಆ ಸದ್ದು ಬಹಳ ದೊಡ್ಡದು. ಒಂದು ಮೂಲೆಯಲ್ಲಿ ಚಾಪೆ ಹಾಸಿ, ಬೇಕಾದಾಗ ಅವನೇ ಹೋಗಿ ಕೂರಲಿ, ಬೇಕಾದಾಗ ಬರಲಿ. ಮೂಲೆಗೆ ಮಗು ತಾನಾಗಿ ಹೋಗುವುದು ಬೇರೆ, ನಾವು ಕೂರಿಸುವುದು ಬೇರೆ.

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಮಗುವಿಗೆ ಬೆನ್ನಿಗೆ ಆಧಾರ ಇಲ್ಲದಿದ್ದರೆ ಅದರ ಶಕ್ತಿಯೆಲ್ಲ ಬೀಳದೆ ಕೂರುವುದಕ್ಕೇ ಹೋಗುತ್ತದೆ, ಕೈ ಆಡಿಸೋಕೆ ಏನೂ ಉಳಿಯುವುದಿಲ್ಲ. ಮೂಲೆ ಕುರ್ಚಿ ಅಂತ ಇರುತ್ತದೆ, ಎರಡೂ ಬದಿಗೆ ಹಲಗೆ, ಮುಂದೆ ಒಂದು ಸಣ್ಣ ಮೇಜು. ಅಳತೆ ಥೆರಪಿಸ್ಟ್ ಕೊಟ್ಟರೆ ನಮ್ಮೂರ ಬಡಿಗ ಮಾಡಿಕೊಡುತ್ತಾನೆ. ಕಣ್ಣು ಮಂದ ಇರುವ ಮಗುವಿಗೆ ಗೆಜ್ಜೆ ಹಾಕಿದ ಚೆಂಡು. ಕಿವಿ ಕೇಳದ ಮಗುವಿಗೆ ಹಾಡು ಹೇಳುವಾಗ ಅದರ ಎದುರಿಗೆ, ಅದರ ಎತ್ತರಕ್ಕೆ ಕೂತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ. ಇದರಲ್ಲಿ ಯಾವುದಕ್ಕೂ ದೊಡ್ಡ ಟೆಂಡರ್ ಬೇಡ.

ನಮ್ಮ ಕಡೆ ಹಬ್ಬಗಳೇ ಅರ್ಧ ಆಟ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸಿ, ನಾದಿ, ಎತ್ತು ಮಾಡಿಸಿ. ಬೆರಳಿಗೆ ಅದಕ್ಕಿಂತ ಒಳ್ಳೆಯ ಕೆಲಸ ಎಲ್ಲಿ ಸಿಗುತ್ತದೆ? ಕೆಲವು ಮಕ್ಕಳು ಹಸಿ ಮಣ್ಣು ಮುಟ್ಟಿದರೆ ಬೆಚ್ಚಿ ಕೈ ಎಳೆದುಕೊಳ್ಳುತ್ತಾರೆ, ಅವರಿಗೆ ಮೊದಲು ರೊಟ್ಟಿ ಹಿಟ್ಟು ಕೊಡಿ, ಇಲ್ಲ ಒಣ ಮಣ್ಣು. ಪಂಚಮಿಗೆ ಜೋಕಾಲಿ ಕಟ್ಟುತ್ತೇವೆ. ತೂಗುತ್ತಾ ತೂಗುತ್ತಾ ತಟ್ಟನೆ ನಿಲ್ಲಿಸಿ, ಮುಖ ನೋಡಿ, ಕಾಯಿರಿ. ನಮ್ಮಲ್ಲಿ ಯಾರೂ ಕಾಯುವುದಿಲ್ಲ, ಮಗು ಕೇಳುವ ಮೊದಲೇ ಕೊಟ್ಟುಬಿಡುತ್ತೇವೆ, ಪಾಪ ಅಂತ. ಕಾಯ್ದರೆ ಕಾಲು ಅಲ್ಲಾಡಿಸಿಯೋ, ಕೈ ತೋರಿಸಿಯೋ, ಒಂದು ಸದ್ದು ಮಾಡಿಯೋ ಇನ್ನೂ ಬೇಕು ಅಂತ ಕೇಳುತ್ತದೆ. ಆ ಕೇಳುವುದಕ್ಕೆ ನಾನು ಎಷ್ಟು ಬೇಕಾದರೂ ಜೋಕಾಲಿ ತೂಗುತ್ತೇನೆ. ಆಟಿಕೆ ಕೊಳ್ಳುವುದಾದರೆ ಎಲ್ಲಿಂದಲೋ ಬರುವ ಪ್ಲಾಸ್ಟಿಕ್ ಕಿಟ್ ಯಾಕೆ, ಗೋಕಾಕ ಪಕ್ಕದ ಜಿಲ್ಲೆಯಲ್ಲೇ ಇದೆ. ಗೋಕಾಕ ಅಂದರೆ ಎಲ್ಲರಿಗೂ ಕರದಂಟು ನೆನಪಾಗುತ್ತದೆ, ಅಲ್ಲಿನ ಗೊಂಬೆ, ಹಣ್ಣು-ಕಾಯಿ ಮಾಡುವವರ ನೆನಪು ಯಾರಿಗೂ ಬರುವುದಿಲ್ಲ.

ಇನ್ನು ಬೇರೆ ಮಕ್ಕಳ ಅಪ್ಪ-ಅವ್ವಂದಿರಿಗೆ. "ಅಂಗನವಾಡಿಯಲ್ಲಿ ಬರೀ ಆಟ ಆಡಿಸ್ತಾರ" ಅಂತ ಮೂರು ವರ್ಷದ ಕೂಸನ್ನು ವ್ಯಾನ್ ಹತ್ತಿಸಿ ಎಬಿಸಿಡಿ ಬರೆಸೋಕೆ ಕಳಿಸುತ್ತೀರಿ, ನಿಮ್ಮ ಇಷ್ಟ. ಆದರೆ "ಅದರ ಜೊತೆ ಕುಂತ್ರ ನಮ್ಮ ಹುಡುಗನೂ ಹಂಗ ಆಗ್ತಾನ" ಅಂತ ಹೇಳಬೇಡಿ. ಡೌನ್ ಸಿಂಡ್ರೋಮ್ ನೆಗಡಿಯಲ್ಲ, ಒಬ್ಬರಿಂದ ಒಬ್ಬರಿಗೆ ಬರುವುದಿಲ್ಲ. ನಮ್ಮ ಪಕ್ಕದ ಮನೆಯ ಹುಡುಗ ನನ್ನ ಮಗಳ ಜೊತೆ ಆಡಿ ಏನೂ ಕಳೆದುಕೊಂಡಿಲ್ಲ, ನಿಧಾನಕ್ಕೆ ಹೇಳಿಕೊಡುವುದು ಕಲಿತಿದ್ದಾನೆ. ಅವನ ಅಪ್ಪನಿಗೆ ಅದು ಇನ್ನೂ ಬರುವುದಿಲ್ಲ.

ತರಬೇತಿ ಬಗ್ಗೆ. ಪೋಷಣ್ ಭೀ ಪಢಾಯಿ ಭೀ (ಪೋಷಣೆಯೂ, ಓದೂ) ಅಂತ 2023ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿತು, ಅಂಗನವಾಡಿಯಲ್ಲಿ ಆಟದ ಮೂಲಕ ಕಲಿ ಅಂತ. ಅದೇ ವರ್ಷ ನವೆಂಬರ್‌ನಲ್ಲಿ ಅಂಗವಿಕಲ ಮಕ್ಕಳಿಗಾಗಿ ಅಂಗನವಾಡಿ ಪ್ರೋಟೋಕಾಲ್ ಕೂಡ ಬಂತು. ಬೇಗ ಗುರುತಿಸಿ, ಕುಟುಂಬದ ಜೊತೆ ನಿಂತು, ಆಶಾ, ಆರ್‌ಬಿಎಸ್‌ಕೆ ಮೂಲಕ ಮುಂದೆ ಕಳಿಸಿ ಅಂತ ಅದರಲ್ಲಿದೆ. ಕಾಗದದ ಮೇಲೆ ಎಲ್ಲ ಇದೆ, ಅದಕ್ಕೇ ನಾನು ಹೊಸದೇನೂ ಕೇಳುತ್ತಿಲ್ಲ. ನಮ್ಮ ಟೀಚರ್ ತರಬೇತಿಗೆ ಹೋಗಿ ಬಂದರು. ಹಾಲ್‌ನಲ್ಲಿ ಪರದೆ ಮೇಲೆ ತೋರಿಸಿದರು, ಊಟ ಚೆನ್ನಾಗಿತ್ತು, ಒಂದು ಫೈಲು ಕೊಟ್ಟರು. ಬಂದ ಮರುದಿನ ನನ್ನ ಮಗಳ ಎದುರು ಕೂತು "ಈಗ ಏನ್ ಮಾಡ್ಲಿ ಅಕ್ಕಾ" ಅಂತ ನನ್ನನ್ನೇ ಕೇಳಿದರು. ಈಜು ದಂಡೆ ಮೇಲೆ ಕೂತು ಕಲಿಯೋಕೆ ಆಗುತ್ತಾ? ಯಾರಾದರೂ ಬಂದು, ಆ ಮಗುವಿನ ಜೊತೆ, ಅದೇ ಚಾಪೆ ಮೇಲೆ, ಟೀಚರ್ ನೋಡುತ್ತಿರುವಾಗ ಆಡಿಸಿ ತೋರಿಸಬೇಕು.

ಅದನ್ನು ಮಾಡಬಲ್ಲವರು ನಿಮ್ಮ ಹತ್ತಿರ ಇದ್ದಾರೆ. ತಾಲ್ಲೂಕಿಗೆ ಬಿಐಇಆರ್‌ಟಿಗಳಿದ್ದಾರೆ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಅನ್ನುವ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಯಾವ ಮನೆಯಲ್ಲಿ ಎಂಥ ಮಗು ಇದೆ ಅಂತ ಅವರಿಗೆ ಗೊತ್ತು. ಸಿಇಒ ಸಾಹೇಬರೆ, ಎರಡೂ ಇಲಾಖೆಯನ್ನು ಒಂದೇ ಟೇಬಲ್ಲಿಗೆ ಕೂರಿಸುವ ಅಧಿಕಾರ ನಿಮಗಿದೆ. ಒಂದು ಸುತ್ತೋಲೆ ಸಾಕು. ಇಂಥ ಮಗು ಇರುವ ಅಂಗನವಾಡಿಗೆ ಬಿಐಇಆರ್‌ಟಿ ತಿಂಗಳಿಗೆ ಒಂದು ಬೆಳಗ್ಗೆ ಬರಬೇಕು, ವಿಆರ್‌ಡಬ್ಲ್ಯೂ ಜೊತೆಗಿರಬೇಕು, ತಾಯಿಯೂ ಕೂರಬಹುದು. ಮಗು ಒಂದನೇ ತರಗತಿಗೆ ಹೋಗುವಾಗ ಅಂಗನವಾಡಿ ಟೀಚರ್ ಮತ್ತು ಆ ಶಾಲೆಯ ನಲಿಕಲಿ ಶಿಕ್ಷಕರು ಒಂದು ಗಂಟೆ ಕೂತು ಮಾತಾಡಬೇಕು, ಈ ಮಗುವಿಗೆ ಯಾವುದು ಇಷ್ಟ, ಯಾವುದಕ್ಕೆ ಹೆದರುತ್ತದೆ, ಹೇಗೆ ಕೇಳುತ್ತದೆ ಅಂತ. ನಲಿಕಲಿ ಕೂಡ ನಮ್ಮ ರಾಜ್ಯದ್ದೇ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ್ದು. ಮಕ್ಕಳು ಅವರವರ ವೇಗದಲ್ಲಿ ಹೋಗಲಿ ಅಂತ ಮಾಡಿದ ಪದ್ಧತಿ. ನನ್ನ ಮಗಳಿಗೆ ಅದಕ್ಕಿಂತ ಹೊಂದುವ ತರಗತಿ ಇನ್ನೊಂದಿಲ್ಲ, ಅಲ್ಲಿಯವರೆಗೆ ಅವಳನ್ನು ತಲುಪಿಸಿದರೆ.

ದುಡ್ಡು ಎಲ್ಲಿ ಅನ್ನಬೇಡಿ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಶೇ 5ನ್ನು ಅಂಗವಿಕಲರಿಗೆ ಖರ್ಚು ಮಾಡಬೇಕು ಅಂತ ನಿಯಮ ಇದೆ. ಮಾರ್ಚ್ ಕೊನೆಗೆ ಓಡಾಡಿ ಯಾವುದಕ್ಕೋ ಬಿಲ್ಲು ಮಾಡುವ ಬದಲು, ಅಂಗನವಾಡಿಗೆ ರ್‍ಯಾಂಪು, ಪಕ್ಕಕ್ಕೆ ಹಿಡಿಕೆ, ಮೂಲೆ ಕುರ್ಚಿ, ಒಂದು ಡಬ್ಬಿ ಆಟಿಕೆ ಕೊಡಿಸಬಹುದು. ಪಿಡಿಒಗಳಿಗೆ ಇದು ಗೊತ್ತಿದೆಯೋ ಇಲ್ಲವೋ, ನೀವು ಹೇಳಿದರೆ ಗೊತ್ತಾಗುತ್ತದೆ. ನಮ್ಮ ಕೇಂದ್ರದ ಬಾಗಿಲಿಗೆ ಎತ್ತರದ ಮೆಟ್ಟಿಲಿವೆ, ದೊಡ್ಡವರಿಗೇ ಮೊಣಕಾಲು ನೋಯುತ್ತದೆ. ಮಗಳು ಕೂತುಕೊಂಡು ಜಾರಿ ಇಳಿಯುತ್ತಾಳೆ, ಫ್ರಾಕಿನ ಹಿಂಭಾಗ ಹೊಲಿದು ಹೊಲಿದು ಸಾಕಾಗಿದೆ.

ಕಷ್ಟ ಇರುವುದು ಇನ್ನೊಬ್ಬರನ್ನು ಕೊಡುವುದರಲ್ಲಿ, ಅದು ನನಗೂ ಗೊತ್ತು. ಹೊಸ ಹುದ್ದೆ ಜಿಲ್ಲೆಯ ಕೈಯಲ್ಲಿ ಇಲ್ಲ. ಆದರೆ ದಿನಕ್ಕೆ ಎರಡು ಗಂಟೆ, ಆಟದ ಹೊತ್ತಿನಲ್ಲಿ ಟೀಚರಿಗೆ ಮೊಬೈಲ್ ಎಂಟ್ರಿ, ಮೀಟಿಂಗು, ಸರ್ವೆ ಯಾವುದೂ ಇರಬಾರದು ಅನ್ನುವುದು ನಿಮ್ಮ ಕೈಯಲ್ಲಿದೆ. ಆ ಎರಡು ಗಂಟೆ ಯಾವ ಸೂಪರ್‌ವೈಸರೂ ಫೋನ್ ಮಾಡಬಾರದು. ಮತ್ತೆ, ವಾರದಲ್ಲಿ ಸರದಿ ಮೇಲೆ ಒಬ್ಬ ತಾಯಿ ಬಂದು ಜೊತೆಗೆ ಕೂರುತ್ತೇವೆ ಅಂತ ನಾವೇ ಹೇಳುತ್ತಿದ್ದೇವೆ. ಅದಕ್ಕೆ ಒಪ್ಪಿಗೆ ಬರವಣಿಗೆಯಲ್ಲಿ ಕೊಡಿ, ಇಲ್ಲದಿದ್ದರೆ "ಹೊರಗಿನವರು ಒಳಗೆ ಯಾಕೆ" ಅಂತ ಇನ್ನೊಂದು ಕಾಗದ ಬರುತ್ತದೆ.

ನಮ್ಮ ಅಂಗನವಾಡಿಯ ಬಾಲವಿಕಾಸ ಸಮಿತಿಯ ಮುಂದಿನ ಸಭೆಗೆ ಇದರ ಪ್ರಿಂಟ್ ತೆಗೆದುಕೊಂಡು ನಾವು ಕೆಲವು ತಾಯಂದಿರು ಹೋಗುತ್ತಿದ್ದೇವೆ. ಬೇರೆ ಊರಿನವರೂ ನಿಮ್ಮ ನಿಮ್ಮ ಸಮಿತಿಗೆ ಒಯ್ಯಿರಿ, ಹೆಸರು ಬದಲಾಯಿಸಿಕೊಂಡರೆ ಸಾಕು. ಉಪನಿರ್ದೇಶಕರೆ, ಆ ಸಭೆಗೆ ಸೂಪರ್‌ವೈಸರ್ ಮೇಡಂ ಅವರನ್ನು ತಪ್ಪದೆ ಕಳಿಸಿ, ಸಾಧ್ಯವಾದರೆ ಬಿಐಇಆರ್‌ಟಿ ಮೇಡಂ ಅವರನ್ನೂ. ಮಧ್ಯಾಹ್ನ ಮೂರರ ಮೇಲೆ ಇಡಿ, ಬೆಳಗ್ಗೆ ಎಲ್ಲರಿಗೂ ಕೂಲಿ ಇರುತ್ತದೆ.

ಇಂತಿ,
ಇಂಡಿ ತಾಲ್ಲೂಕಿನ ಒಬ್ಬ ತಾಯಿ